ಯಾಂತ್ರಿಕ ಕೈಗಡಿಯಾರದ ನಿಖರತೆ

ಯಾಂತ್ರಿಕ ಕೈಗಡಿಯಾರದ ನಿಖರತೆಯನ್ನು ಅದು ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಹೋಗುತ್ತದೆ ಎಂಬುದರಿಂದ ಅಳೆಯುತ್ತಾರೆ. ಆದರೆ ಗಡಿಯಾರದ ನಿಜವಾದ ಗುಣ ಈ ವ್ಯತ್ಯಾಸದ ಪ್ರಮಾಣಕ್ಕಿಂತ ಅದರ ಸ್ಥಿರತೆಯಲ್ಲಿದೆ. ಪ್ರತಿದಿನ ತಪ್ಪದೆ 8 ಸೆಕೆಂಡು ಮುಂದೋಡುವ ಗಡಿಯಾರವನ್ನು, ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಸಣ್ಣ ಸ್ಪ್ರಿಂಗಿನ ಕೆಲಸ ಮಾಡುವ ಉದ್ದವನ್ನು ತುಸು ಹೆಚ್ಚಿಸಿ ಸರಿಪಡಿಸಬಹುದು. ಇಂದು 5 ಸೆಕೆಂಡು ಮುಂದೆ, ನಾಳೆ 5 ಸೆಕೆಂಡು ಹಿಂದೆ ಹೋಗುವ ಗಡಿಯಾರದ ಸರಾಸರಿ ಸೊನ್ನೆಯಾದರೂ ಅದನ್ನು ಹಾಗೆ ತಿದ್ದಲಾಗದು. ಗಡಿಯಾರ ಇರುವ ಭಂಗಿ, ಉಷ್ಣತೆ, ಕಾಂತತ್ವ, ಮುಖ್ಯ ಸ್ಪ್ರಿಂಗಿನ ಕೀ ಇಳಿಯುವುದು, ಎಣ್ಣೆ ಒಣಗುವುದು ಇವೆಲ್ಲ ನಡೆಯನ್ನು ಕದಲಿಸುತ್ತವೆ. ಉಷ್ಣತೆಗೆ ಹೆಚ್ಚು ಬದಲಾಗದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ರೂಪಿಸಿದ ಷಾರ್ಲ್ ಎದುವಾರ್ ಗಿಯೋಮ್ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ (ನಿಖರ ಗಡಿಯಾರ) ಪರೀಕ್ಷೆಯೂ ಸ್ಥಿರತೆಯೇ ಮುಖ್ಯವೆಂಬ ತತ್ವವನ್ನು ಅನುಸರಿಸುತ್ತದೆ: ಗಡಿಯಾರದ ಯಂತ್ರವನ್ನು 15 ದಿನ, 5 ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷಿಸಿ, ದಿನದ ಸರಾಸರಿ ನಡೆ −4ರಿಂದ +6 ಸೆಕೆಂಡಿನೊಳಗಿರಬೇಕೆಂದು ಕೇಳುವುದರ ಜೊತೆಗೆ ನಡೆಯ ಏರಿಳಿತಕ್ಕೂ ಮಿತಿ ಹಾಕುತ್ತದೆ.

ಈ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ಮಣಿಕಟ್ಟಿನ ಮೇಲಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ಭಂಗಿ ಬದಲಾದಾಗ ಕಡಿಮೆ ಕದಲುವ ಯಂತ್ರವೇ ಕೈಯಲ್ಲೂ ಹೆಚ್ಚು ನಂಬಿಕೆಗೆ ಅರ್ಹ. ತಿಂಗಳಿಗೆ ಸುಮಾರು 15 ಸೆಕೆಂಡಷ್ಟೇ ತಪ್ಪುವ ಅಗ್ಗದ ಕ್ವಾರ್ಟ್ಜ್ ಗಡಿಯಾರವಿರುವಾಗ ಇಷ್ಟು ಶ್ರಮವೇಕೆ ಎಂದೂ ಕೇಳಬಹುದು. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಯಾಂತ್ರಿಕ ಗಡಿಯಾರ ಸಾಮಾನ್ಯವಾಗಿ 8 ಬಾರಿ ಮಿಡಿಯುತ್ತದೆ. ಇಷ್ಟು ನಿಧಾನವಾಗಿ ಮಿಡಿಯುವ ಅದು ದಿನದ 86,400 ಸೆಕೆಂಡುಗಳಲ್ಲಿ 5 ತಪ್ಪಿದರೂ ದೋಷ ಶೇ. 0.006ರಷ್ಟು ಮಾತ್ರ. ಬ್ಯಾಟರಿಯಿಲ್ಲದೆ, ಕೇವಲ ಚಕ್ರ ಮತ್ತು ಸ್ಪ್ರಿಂಗುಗಳಿಂದ ಸಾಧಿಸಿದ ಈ ನಿಖರತೆಯನ್ನು ಅದರ ಸಾಧನಗಳ ಮಿತಿಯಲ್ಲಿಟ್ಟು ಅಳೆಯುವುದೇ ನ್ಯಾಯ.