ಗುಟ್ಟಿನ ಮನೋವಿಜ್ಞಾನ

ಒಂದು ವಿಷಯವನ್ನು ಇತರರಿಂದ ಬೇಕೆಂದೇ ಮರೆಮಾಚುವ ಮನಸ್ಸಿನ ನಿರ್ಧಾರ ಹಾಗೂ ಅದರ ಪರಿಣಾಮಗಳ ಅಧ್ಯಯನ. ಎದುರಿಗಿದ್ದವರ ಮುಂದೆ ಬಾಯಿ ಬಿಗಿಹಿಡಿಯುವುದೇ ನಿಜವಾದ ಕಷ್ಟ ಎಂದು ತಜ್ಞರು ಬಹುಕಾಲ ಎಣಿಸಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ಇದನ್ನು ತಿದ್ದಿದರು. ಗುಟ್ಟುಗಳನ್ನು 38 ಬಗೆಯಾಗಿ ವಿಂಗಡಿಸಿ ವಿಚಾರಿಸಿದಾಗ, ಮುಚ್ಚಿಡಬೇಕಾದ ಸಂದರ್ಭಗಳಿಗಿಂತ ಮನಸ್ಸು ತಾನಾಗಿ ಗುಟ್ಟಿನತ್ತ ಹರಿಯುವುದೇ ಹೆಚ್ಚು ಎಂದು ತಿಳಿಯಿತು. ನೆಮ್ಮದಿ ಕುಗ್ಗುವುದಕ್ಕೂ ಮನಸ್ಸಿನ ಈ ಹರಿವಿನೊಂದಿಗೇ ನಂಟು ಎಂದು ಕಂಡುಬಂತು. ‘ಒಳಗೊಳಗೇ ಕೊರೆಯುತ್ತದೆ’ ಎಂಬ ಕನ್ನಡದ ಮಾತು ಎಷ್ಟು ನಿಖರ! ತಪ್ಪು ಮಾಡಿದೆನೆಂಬ ಅಳುಕಿನ ಗುಟ್ಟಿಗಿಂತ, ತಾನೇ ಕೀಳೆಂಬ ನಾಚಿಕೆ ಬೆರೆತ ಗುಟ್ಟು ಮನಸ್ಸಿನಲ್ಲಿ ಹೆಚ್ಚಾಗಿ ಮರುಕಳಿಸುತ್ತದೆ. ಎಲ್ಲ ಗುಟ್ಟೂ ಹೊರೆಯಲ್ಲ. ಸಿಹಿಸುದ್ದಿಯ ಗುಟ್ಟು ಹುರುಪು ತರುತ್ತದೆ. ಕಾಡುವ ಗುಟ್ಟನ್ನು ನಂಬಿಕಸ್ಥರೊಬ್ಬರಲ್ಲಿ ಹೇಳಿಕೊಂಡವರಿಗೆ ಅದನ್ನು ನಿಭಾಯಿಸಬಲ್ಲೆನೆಂಬ ಧೈರ್ಯ ಹೆಚ್ಚುತ್ತದೆ.