ದುಭಾಷಿಯ ದನಿ: ನಿರಾಶ್ರಿತರ ಮೌಖಿಕ ಚರಿತ್ರೆಯನ್ನು ದಾಖಲಿಸುವ ಬಗೆ

ತುಂಗೆಯ ದಡದ ಮಂಡಗದ್ದೆಯಿಂದ ತೀರ್ಥಹಳ್ಳಿ, ಹೊಸನಗರ, ಸಾಗರಗಳತ್ತ ಸಾಗಿದಂತೆ ಹಿರಿಯರ ಮಾತಿನಲ್ಲಿ ಒಂದು ಪದ ಮತ್ತೆ ಮತ್ತೆ ಕೇಳಿಬರುತ್ತದೆ: ಮುಳುಗಡೆ. ಬೇರೆಡೆ ಬರಿಯ ಘಟನೆಯನ್ನು ಸೂಚಿಸುವ ಈ ಪದ ಇಲ್ಲಿ ಕಾಲದ ಗುರುತೂ ಹೌದು, ಒಂದು ಜನವರ್ಗದ ಹೆಸರೂ ಹೌದು. 'ಮುಳುಗಡೆಗೆ ಮೊದಲು' ಎಂದರೆ ಒಂದು ಯುಗ; 'ಮುಳುಗಡೆಯವರು' ಎಂದರೆ ಶರಾವತಿಯ ಹಿನ್ನೀರಿಗೆ ಮನೆ, ತೋಟ, ದೇವಸ್ಥಾನಗಳನ್ನು ಬಿಟ್ಟುಬಂದವರು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನಿಂದ ತೊಡಗಿದ ಈ ಕಥೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯಿಂದ ಬಹುದೊಡ್ಡದಾಗಿ ಬೆಳೆಯಿತು. ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಕಾದಂಬರಿಗಳ ಮೂಲಕ ಅದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ. ನೆಲ ಬಿಟ್ಟು ಬಂದವರ ಕಥನ ಈ ಸೀಮೆಗೆ ಹೊಸದಲ್ಲ. ಸಾಂತರರ ಮೂಲಪುರುಷ ಜಿನದತ್ತನು ಉತ್ತರ ಮಧುರೆಯಿಂದ ಬಂದು ಪೊಂಬುಚ್ಚದಲ್ಲಿ ನೆಲೆಸಿದನೆಂಬ ಐತಿಹ್ಯ ಹೊಂಬುಜದ ಶಾಸನಗಳಲ್ಲಿಯೇ ಇದೆ. ಆದರೆ ಅದು ಅರಸುಮನೆತನ ತನ್ನ ಕುರಿತು ಕಲ್ಲಿನಲ್ಲಿ ಬರೆಯಿಸಿದ ಮಾತು. ಮುಳುಗಡೆಯವರ ಮಾತಿಗೆ ಅಂಥ ಕಲ್ಲು ದೊರೆಯಲಿಲ್ಲ.

ಮುಳುಗಡೆಯವರ ನೆನಪನ್ನು ದಾಖಲಿಸಲು ಹೊರಟವರಿಗೆ ದುಭಾಷಿ ಬೇಕಾಗಲಿಲ್ಲ. ಕೇಳುವವರದೂ ಹೇಳುವವರದೂ ಕನ್ನಡವೇ. ಹವ್ಯಕರ ಮನೆಮಾತು, ದೀವರ ಆಡುನುಡಿ ಅಚ್ಚಿಗೆ ಬರುವ ಹೊತ್ತಿಗೆ ಗ್ರಾಂಥಿಕ ಕನ್ನಡವಾಗಿಬಿಡುತ್ತವೆ ಎಂಬುದು ನಿಜ. ಅಲ್ಲಿಯೂ ಹೆಸರಿಲ್ಲದ ದುಭಾಷಿಯೊಬ್ಬ ಕುಳಿತಿರುತ್ತಾನೆ. ಆದರೂ ಓದುಗನಿಗೆ ಮೂಲದ ಸದ್ದು ಒಂದಿಷ್ಟಾದರೂ ಕೇಳುತ್ತದೆ. ಅದೇ ಮೈಸೂರು ರಾಜ್ಯವು ಅದೇ ವರ್ಷಗಳಲ್ಲಿ ಒಂದೆಡೆ ತನ್ನ ಹಳ್ಳಿಗರನ್ನು ಎಬ್ಬಿಸುತ್ತ, ಇನ್ನೊಂದೆಡೆ ಹಿಮಾಲಯದಾಚೆಯಿಂದ ಬಂದವರಿಗೆ ಕಾಡನ್ನು ಬಿಟ್ಟುಕೊಡುತ್ತಿತ್ತು. ದುಭಾಷಿಯಿಲ್ಲದೆ ಕನ್ನಡಿಗರ ಕಿವಿಗೆ ತಲುಪಲಾಗದ ಚರಿತ್ರೆ ಈ ಎರಡನೆಯವರದು.

1959ರ ಮಾರ್ಚ್‌ನಲ್ಲಿ ಲಾಸಾದ ದಂಗೆ ಮುರಿದುಬಿದ್ದ ಮೇಲೆ ದಲೈ ಲಾಮಾ ಅವರ ಬೆನ್ನಿಗೆ ಸಾವಿರಾರು ಟಿಬೆಟನ್ನರು ಭಾರತಕ್ಕೆ ಬಂದರು. ಗಡಿಸೀಮೆಯ ಶಿಬಿರಗಳಲ್ಲಿ, ಬೆಟ್ಟದ ರಸ್ತೆ ಕಡಿಯುವ ಕೂಲಿಯಲ್ಲಿ ಕಾಲ ತಳ್ಳುತ್ತಿದ್ದವರಲ್ಲಿ ಮೊದಲ ತಂಡ 1960ರ ಕೊನೆಯ ಹೊತ್ತಿಗೆ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಗೆ ಬಂದಿತು. 1966ರಲ್ಲಿ ಮುಂಡಗೋಡಿನ ವಸತಿ, ಬಳಿಕ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಯ ವಸತಿಗಳು ಆದವು. ಕಾಡು ಕಡಿದು ಸುಟ್ಟು, ಆನೆಗಳ ಕಾಟ ಸಹಿಸಿ, ಕಾಣದ ಸೆಕೆಯಲ್ಲಿ ಕಾಯಿಲೆ ಬಿದ್ದು ಮುಸುಕಿನ ಜೋಳ ಬೆಳೆದ ಆ ತಲೆಮಾರು ಈಗ ಬಹುಮಟ್ಟಿಗೆ ಇಲ್ಲ. ಇಪ್ಪತ್ತರ ಹರೆಯದಲ್ಲಿ ಹಿಮದ ಕಣಿವೆ ದಾಟಿದವರಿಗೆ ಇಂದು ಎಂಬತ್ತೈದು ಮೀರಿದೆ.

ಅವರನ್ನು ಮಾತನಾಡಿಸಿದವರೇ ಇಲ್ಲವೆಂದಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೀನ್ 1960ರ ದಶಕದ ನಡುವಿನಲ್ಲಿಯೇ ಬೈಲಕುಪ್ಪೆಯಲ್ಲಿ ಕ್ಷೇತ್ರಕಾರ್ಯ ಮಾಡಿದರು. ಅವರಿಗೆ ಟಿಬೆಟನ್ ಭಾಷೆ ಬರುತ್ತಿತ್ತು. ಧರ್ಮಶಾಲೆಯ ಟಿಬೆಟನ್ ಗ್ರಂಥಾಲಯ ಹಿರಿಯರ ನೆನಪುಗಳನ್ನು ಅವರ ನುಡಿಯಲ್ಲಿಯೇ ಸಂಗ್ರಹಿಸಿತು. ಅಮೆರಿಕದಲ್ಲಿ ನೆಲೆಯಿರುವ ಟಿಬೆಟ್ ಓರಲ್ ಹಿಸ್ಟರಿ ಪ್ರಾಜೆಕ್ಟ್ 2007ರಲ್ಲಿ ಬೈಲಕುಪ್ಪೆಯಲ್ಲಿಯೂ 2010ರಲ್ಲಿ ಮುಂಡಗೋಡಿನಲ್ಲಿಯೂ ವೃದ್ಧರ ಸಂದರ್ಶನಗಳನ್ನು ವಿಡಿಯೊದಲ್ಲಿ ಹಿಡಿಯಿತು. ಅಲ್ಲಿ ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರ ಟಿಬೆಟನ್ನಿನಲ್ಲಿ, ನಡುವೆ ದುಭಾಷಿ. ಕರ್ನಾಟಕದ ನೆಲದಲ್ಲಿ ನಡೆದ ಈ ಮಾತುಕತೆಯನ್ನು ಕನ್ನಡದ ಸಂಶೋಧಕ ಇಂಗ್ಲಿಷಿನಲ್ಲಿ ಓದಿಕೊಳ್ಳಬೇಕು. ಈ ಸುತ್ತುದಾರಿಯಲ್ಲಿ ಏನು ಕಳೆದುಹೋಗುತ್ತದೆ ಎಂಬುದು ವಿಚಾರಾರ್ಹ.

ಮೊದಲು ಕಾಲಗಣನೆ. ಟಿಬೆಟಿನ ಹಿರಿಯರು ವರ್ಷವನ್ನು ಅಂಕಿಯಿಂದಲ್ಲ, ಧಾತು ಮತ್ತು ಪ್ರಾಣಿಗಳ ಜೋಡಿಯಿಂದ ಹೆಸರಿಸುತ್ತಾರೆ. ದಂಗೆಯ ವರ್ಷ ಅವರಿಗೆ ಭೂಮಿ-ಹಂದಿಯ ವರ್ಷ. ದುಭಾಷಿ ಬೆರಳೆಣಿಸಿ ಒಡನೆಯೇ '1959' ಎನ್ನುತ್ತಾನೆ. ಅದು ಸರಿಯೂ ಆಗಿರಬಹುದು, ಒಂದು ಆವೃತ್ತಿ ತಪ್ಪಿ ಹನ್ನೆರಡು ವರ್ಷ ಹಿಂದುಮುಂದಾಗಿರಲೂಬಹುದು. ಮುದುಕಿ ಬರಿಯ 'ಹಂದಿಯ ವರ್ಷ' ಎಂದಿದ್ದರೆ ಸಂಶಯ ಇನ್ನೂ ಹೆಚ್ಚು. ಅಚ್ಚಾದ ಪಠ್ಯದಲ್ಲಿ ಅಂಕಿ ಮಾತ್ರ ಉಳಿದಾಗ ಆ ಸಂಶಯದ ಗುರುತೂ ಅಳಿಸಿಹೋಗುತ್ತದೆ. ವಾಸ್ತವದಲ್ಲಿ ಟಿಬೆಟಿನ ಅರವತ್ತು ವರ್ಷದ ಚಕ್ರ ಕನ್ನಡಿಗರಿಗೆ ಅಪರಿಚಿತವೇನಲ್ಲ. ಕಾಲಚಕ್ರ ಸಂಪ್ರದಾಯದೊಡನೆ ಭಾರತದಿಂದ ಅಲ್ಲಿಗೆ ಹೋದ ಆ ಚಕ್ರದ ಹೆಸರು 'ರಬ್‌ಜುಂಗ್'. ಅದು 'ಪ್ರಭವ' ಎಂಬುದರ ಅನುವಾದ. 1927 ಅವರಿಗೂ ಚಕ್ರದ ಮೊದಲ ವರ್ಷ, ನಮ್ಮ ಪಂಚಾಂಗಕ್ಕೂ ಪ್ರಭವ. ಅವರ ಭೂಮಿ-ಹಂದಿ ನಮ್ಮ ವಿಕಾರಿ ಸಂವತ್ಸರ. ಹುಟ್ಟಿದ ಕೂಡಲೇ ಒಂದು ವರ್ಷವೆಂದು ಹಿಡಿದು, ಹೊಸವರ್ಷ ಲೋಸರ್ ಬಂದಾಗ ಇನ್ನೊಂದು ಕೂಡಿಸುವ ಅವರ ವಯಸ್ಸಿನ ಲೆಕ್ಕವೂ 'ಎಪ್ಪತ್ತು ತುಂಬಿ ಎಪ್ಪತ್ತೊಂದು ನಡೆಯುತ್ತಿದೆ' ಎನ್ನುವ ಮಲೆನಾಡಿನ ಅಜ್ಜಿಗೆ ಕೂಡಲೇ ಅರ್ಥವಾದೀತು. ಇಂಗ್ಲಿಷಿನ ಮೂಲಕ ಬಂದ ಅಂಕಿಗೆ ಈ ನಂಟು ಹೇಳಲು ಬಾಯಿಲ್ಲ.

ಎರಡನೆಯದು ಕ್ರಿಯಾಪದ. ಇದು ವ್ಯಾಕರಣದ ಸೂಕ್ಷ್ಮವೆಂದು ತಳ್ಳಿಹಾಕುವಂಥದ್ದಲ್ಲ. ಚರಿತ್ರೆಯ ಪ್ರಾಣವೇ ಇಲ್ಲಿದೆ. ಲಾಸಾ ಟಿಬೆಟನ್ನಿನಲ್ಲಿ ನಡೆದುಹೋದ ಸಂಗತಿಯನ್ನು ಹೇಳುವಾಗ, ಅದನ್ನು ಹೇಳುವವನು ಕಣ್ಣಾರೆ ಕಂಡನೋ, ಆಮೇಲೆ ಕುರುಹು ನೋಡಿ ಊಹಿಸಿದನೋ ಎಂಬುದು ಕ್ರಿಯಾಪದದ ಕೊನೆಯಲ್ಲಿಯೇ ತಿಳಿಯುತ್ತದೆ; ಪರರಿಂದ ಕೇಳಿದ್ದಕ್ಕೂ ಗುರುತುಂಟು. 'ಮಠವನ್ನು ಕೆಡವಿದರು' ಎಂಬ ಸಾಕ್ಷ್ಯದಲ್ಲಿ ಈ ಭೇದವೇ ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷಿನ ಸರಳ ಭೂತಕಾಲದಲ್ಲಿ ಕಂಡದ್ದೂ ಕೇಳಿದ್ದೂ ಊಹಿಸಿದ್ದೂ ಒಂದೇ ಆಗುತ್ತವೆ. ಕನ್ನಡದಲ್ಲಿ 'ಕೆಡವಿದರಂತೆ' ಎಂಬ ರೂಪವಾದರೂ ಇದೆ. ಟಿಬೆಟನ್ನಿನಿಂದ ನೇರವಾಗಿ ಕನ್ನಡಕ್ಕೆ ತರುವ ದುಭಾಷಿಗೆ ಈ 'ಅಂತೆ' ಎಷ್ಟು ಬೆಲೆಯುಳ್ಳ ಪ್ರತ್ಯಯವೆಂಬುದನ್ನು ನಮ್ಮ ಭಾಷಾಶಾಸ್ತ್ರದ ತರಗತಿಗಳು ಹೇಳಿಕೊಟ್ಟಿಲ್ಲ.

ಇನ್ನು 'ನಿರಾಶ್ರಿತ' ಎಂಬ ಪದವನ್ನೇ ನೋಡಬಹುದು. ಕನ್ನಡದ ಈ ಪದ ಆಶ್ರಯವಿಲ್ಲದವನೆಂಬ ಕೊರತೆಯನ್ನು ಹೇಳುತ್ತದೆ. ಟಿಬೆಟನ್ನಿನಲ್ಲಿ ಎರಡು ಮಾತುಗಳಿವೆ: 'ತ್ಸೆನ್‌ಜೋಲ್', ಎಂದರೆ ಬಲಾತ್ಕಾರಕ್ಕೆ ಸಿಗದೆ ಪಾರಾಗಿ ಹೋದುದು, ದೇಶಭ್ರಷ್ಟತೆ, 'ಕ್ಯಬ್‌ಚೋಲ್‌ವಾ', ಎಂದರೆ ರಕ್ಷಣೆಯನ್ನು ಬೇಡಿ ಬಂದವನು. ಈ 'ಕ್ಯಬ್' ಬುದ್ಧ, ಧರ್ಮ, ಸಂಘಗಳಿಗೆ ಶರಣುಹೋಗುವಾಗ ಬಳಸುವ ಪದವೇ. ಮೊದಲನೆಯದರಲ್ಲಿ ಬಿಟ್ಟುಬಂದ ನೆಲದ ಮೇಲಿನ ಹಕ್ಕು ಉಳಿದಿದೆ, ಎರಡನೆಯದರಲ್ಲಿ ಕೊಟ್ಟವರ ಋಣವಿದೆ. ದುಭಾಷಿ ಎರಡಕ್ಕೂ 'ರೆಫ್ಯೂಜಿ' ಎಂದುಬಿಟ್ಟರೆ, ಮುದುಕ ಆ ಗಳಿಗೆಯಲ್ಲಿ ತನ್ನನ್ನು ಯಾವುದಾಗಿ ಕಂಡುಕೊಂಡನೆಂಬುದು ಮುಂದಿನ ಓದುಗನಿಗೆ ತಿಳಿಯದು.

ದುಭಾಷಿಯ ಸಾಮರ್ಥ್ಯದ ಕೊರತೆಯನ್ನು ಎಣಿಸುವುದು ಸುಲಭ. ಆಮ್ದೋ ಸೀಮೆಯವರ ನುಡಿ ಲಾಸಾದವರಿಗೆ ತಿಳಿಯದೆ ಇನ್ನೊಬ್ಬ ದುಭಾಷಿ ಬೇಕಾಗುವುದುಂಟು. ಆದರೆ ಇದಕ್ಕಿಂತ ಗಹನವಾದುದು ದುಭಾಷಿಯ ಸ್ಥಾನದ ಪ್ರಶ್ನೆ. ದುಭಾಷಿ ಮೊಮ್ಮಗನಾದರೆ ಅಜ್ಜಿ ಕೆಲವನ್ನು ಹೇಳುವುದೇ ಇಲ್ಲ. ಭಿಕ್ಷುವಾದರೆ ಮಾತೆಲ್ಲ ಗೌರವವಾಚಕದ ಮಡಿಯುಟ್ಟುಕೊಳ್ಳುತ್ತದೆ. ವಸತಿಯ ಆಡಳಿತದವನಾದರೆ ದೂರುಗಳು ಅಡಗುತ್ತವೆ. ಪರಕೀಯನೆದುರು ಸಮುದಾಯದ ಮಾನ ಕಾಯಬೇಕೆಂಬ ಭಾವವೂ ದುಭಾಷಿಯಲ್ಲಿ ಇರುತ್ತದೆ. ಕ್ಲೋದ್ ಲಾಂಜ್ಮನ್ 1985ರ ತಮ್ಮ 'ಶೋಆ' ಚಿತ್ರದಲ್ಲಿ ದುಭಾಷಿಗಳನ್ನು ಕತ್ತರಿಸಿ ತೆಗೆಯದೆ ಮೂಲದನಿಯ ಜೊತೆಗೇ ಉಳಿಸಿಕೊಂಡರು. ಅದರಿಂದಲೇ, ಹಳ್ಳಿಗರ ಯೆಹೂದಿದ್ವೇಷದ ಒರಟು ಮಾತುಗಳನ್ನು ಪೋಲಿಷ್ ದುಭಾಷಿ ಮೆತ್ತಗಾಗಿಸುತ್ತಿದ್ದರೆಂಬುದು ಎರಡೂ ಭಾಷೆ ಬಲ್ಲವರಿಗೆ ತಿಳಿಯುವಂತಾಯಿತು. ಕತ್ತರಿಸಿದ್ದರೆ ಆ ಮೃದುತ್ವವೇ ಸಾಕ್ಷ್ಯವಾಗಿ ನಿಲ್ಲುತ್ತಿತ್ತು.

ದುಭಾಷಿ ಹೆಚ್ಚು ತಿಳಿದವನಾದರೂ ತೊಡಕು ತಪ್ಪದು. ಬೈಲಕುಪ್ಪೆಯ ನೆನಪಿನಲ್ಲಿ ನೆಲ ಕೊಟ್ಟ ಮಹಾನುಭಾವರು ಎಸ್. ನಿಜಲಿಂಗಪ್ಪನವರು. ದಲೈ ಲಾಮಾ ಅವರೂ ಸಾರ್ವಜನಿಕವಾಗಿ ಹಲವು ಬಾರಿ ಅವರನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಮೊದಲ ತಂಡ ಬಂದ 1960ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ ಬಿ.ಡಿ. ಜತ್ತಿ. ನಿಜಲಿಂಗಪ್ಪನವರು 1956ರಿಂದ 1958ರವರೆಗೆ, ಮತ್ತೆ 1962ರಿಂದ 1968ರವರೆಗೆ ಆ ಸ್ಥಾನದಲ್ಲಿದ್ದರು. ಮುಂಡಗೋಡಿನ ವಸತಿ ಆರಂಭವಾದದ್ದು ಅವರ ಕಾಲದಲ್ಲಿ. ದಿನಾಂಕ ಬಲ್ಲ ದುಭಾಷಿಯೊಬ್ಬ ಇದನ್ನು ತನ್ನ ಬಾಯಲ್ಲೇ 'ತಿದ್ದಿ' ದಾಟಿಸಿದನೆನ್ನೋಣ. ಆಗ ದಾಖಲೆಗೆ ಸಿಗುವುದು ಗ್ರಂಥಾಲಯದಲ್ಲಿ ಎಂದೂ ಸಿಗುವ ಮಾಹಿತಿ. ಕಳೆದುಹೋಗುವುದು ಒಂದು ಸಮುದಾಯದ ಋಣಭಾವ ಯಾರ ಹೆಸರಿನ ಸುತ್ತ ಹೆಪ್ಪುಗಟ್ಟಿತೆಂಬ ಚಾರಿತ್ರಿಕ ಸತ್ಯ. ಇಟಲಿಯ ಅಲೆಸ್ಸಾಂದ್ರೊ ಪೊರ್ತೆಲ್ಲಿ ಇದನ್ನು ತೆರ್ನಿ ಪಟ್ಟಣದ ಉಕ್ಕಿನ ಕಾರ್ಮಿಕ ಲುಯಿಜಿ ತ್ರಸ್ತುಲ್ಲಿಯ ಸಾವಿನ ಪ್ರಸಂಗದಿಂದ ತೋರಿಸಿದರು. ಅವನು ಸತ್ತದ್ದು 1949ರಲ್ಲಿ, ನ್ಯಾಟೊ ವಿರೋಧಿ ಪ್ರತಿಭಟನೆಯಲ್ಲಿ. ಜನರ ನೆನಪು ಆ ಸಾವನ್ನು 1953ರ ಸಾಮೂಹಿಕ ಕೆಲಸಕಡಿತದ ಗಲಭೆಗೆ ಒಯ್ದು ಜೋಡಿಸಿತ್ತು. ನೆನಪಿನ ಆ ಜಾರುವಿಕೆಯೇ ಪೊರ್ತೆಲ್ಲಿಯವರಿಗೆ ಅಧ್ಯಯನದ ವಸ್ತುವಾಯಿತು.

ಆದಕಾರಣ ಮೂಲಭಾಷೆಯ ಧ್ವನಿಯೇ ದಾಖಲೆ; ಅನುವಾದ ಅದರ ಒಂದು ಓದು ಮಾತ್ರ. ಹಳಗನ್ನಡದ ಒಂದು ಪಾಠವನ್ನು ಸಂಪಾದಿಸುವಾಗ ಓಲೆಪ್ರತಿ, ಲಿಪಿಕಾರ, ಪಾಠಾಂತರಗಳನ್ನು ನಮೂದಿಸುವ ವಿದ್ವತ್ತು, ಮಾತಿನ ಪಠ್ಯಕ್ಕೆ ಬಂದಾಗ ದುಭಾಷಿಯ ಹೆಸರನ್ನೂ ಬರೆಯದಿರುವುದು ವಿಚಿತ್ರ. ಲಿಪಿಕಾರನ ಸ್ಥಾನವೇ ಅವನದು. ಅವನು ಯಾರು, ಹೇಳುವವರಿಗೆ ಏನಾಗಬೇಕು, ಯಾವ ಉಪಭಾಷೆ ಬಲ್ಲವನು, 'ನಾನು' ಎಂದದ್ದನ್ನು ಎಲ್ಲಿ 'ಅವರು' ಮಾಡಿದ, ಹೇಳಿದ ವರ್ಷದ ಹೆಸರೇನು, ತಾನು ಹಾಕಿದ ಅಂಕಿ ಯಾವುದು: ಇವಿಷ್ಟು ಪ್ರತಿಯ ಜೊತೆಗೇ ಇರಬೇಕು. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಹುಟ್ಟಿ ಬೆಳೆದು ಕನ್ನಡವನ್ನೂ ಬಲ್ಲ ತಲೆಮಾರು ಈಗ ಇದೆ. ನೇರ ಕನ್ನಡದ ದುಭಾಷಿಗಳು ಇಲ್ಲವೆಂಬ ನೆಪ ಉಳಿದಿಲ್ಲ. ಸಿಂಧನೂರಿನ ಕ್ಯಾಂಪುಗಳ ಬಂಗಾಳಿಗಳ ವಿಷಯದಲ್ಲಿಯೂ, 1964ರ ಒಪ್ಪಂದದನ್ವಯ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿ ನೆಲೆಸಿದ ತಮಿಳರ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

ಹೊರಚೀಟಿಯ ಬರಹಕ್ಕೆ ಇಷ್ಟು ಒತ್ತು ಏಕೆಂಬುದಕ್ಕೆ ಡೇವಿಡ್ ಬೋಡರ್ ಅವರ ಸಂಗ್ರಹವೇ ನಿದರ್ಶನ. 1946ರಲ್ಲಿ ಯುರೋಪಿನ ಶಿಬಿರಗಳಲ್ಲಿ ಅವರು ತಂತಿಯ ಧ್ವನಿಗ್ರಾಹಕದಲ್ಲಿ ಸುಮಾರು 130 ಮಂದಿಯ ಮಾತನ್ನು ಒಂಬತ್ತು ಭಾಷೆಗಳಲ್ಲಿ ಹಿಡಿದರು. ಬಹುಭಾಷಿಗಳಾದ ಅವರು ತಾವೇ ದುಭಾಷಿಯಾಗಿ, ಹೇಳಿದವರ ವಾಕ್ಯದ ತೊಡಕುಗಳನ್ನು ಬೇಕೆಂದೇ ಇಂಗ್ಲಿಷಿಗೆ ತಂದರು. ಫ್ರಾನ್ಸಿನ ಎನೋವಿಲ್ ಎಂಬಲ್ಲಿ ಬದುಕುಳಿದವರು ಹಾಡಿದ ಹಾಡುಗಳ ಒಂದು ಸುರುಳಿ ಮಾತ್ರ ದಶಕಗಳ ಕಾಲ ಕಾಣೆಯಾಗಿತ್ತು. ಅಕ್ರನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿಯೇ ಅದು ಇತ್ತು. ಪಟ್ಟಿಯಲ್ಲಿ ಊರಿನ ಹೆಸರು ತಪ್ಪಾಗಿ ನಮೂದಾಗಿತ್ತು.