ನಿಕೋಡೆಮಸ್

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ, ಗ್ರೇಹಂ ಕೌಂಟಿಗೆ ಸೇರಿ, ಸಾಲೊಮನ್ ನದಿಯ ದಕ್ಷಿಣ ಕವಲಿನ ಉತ್ತರಕ್ಕೆ ಪ್ರೇರಿ ಬಯಲಿನಲ್ಲಿರುವ ಸಣ್ಣ ಕೃಷಿಗ್ರಾಮ. ದಾಸ್ಯವಿಮೋಚನೆಯ ತರುವಾಯ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಆಫ್ರಿಕನ್ ಮೂಲದ ಅಮೆರಿಕನ್ನರು ತಾವಾಗಿ ಕಟ್ಟಿಕೊಂಡ ಹಳೆಯ ನೆಲೆಗಳಲ್ಲಿ ಇಂದಿಗೂ ಜನವಸತಿಯನ್ನು ಉಳಿಸಿಕೊಂಡಿರುವವುಗಳಲ್ಲಿ ಇದೂ ಒಂದು.

ಅಂತರ್ಯುದ್ಧ ಮುಗಿದು ದಾಸ್ಯ ಶಾಸನತಃ ರದ್ದಾಗಿದ್ದರೂ, ಕೆಂಟಕಿ ಮೊದಲಾದ ರಾಜ್ಯಗಳಲ್ಲಿ ವಿಮುಕ್ತರಾದವರಿಗೆ ಸ್ವಂತ ಭೂಮಿಯಿರಲಿಲ್ಲ. ಹಳೆಯ ಯಜಮಾನರ ಹೊಲಗಳಲ್ಲಿಯೇ ಗೇಣಿದಾರರಾಗಿ ದುಡಿಯುತ್ತ, ಹಿಂಸೆಯ ಭಯದಲ್ಲಿ ದಿನ ನೂಕುವುದು ಅವರ ಪಾಲಿಗೆ ಬಂದಿತ್ತು. ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವನಿಗೆ 160 ಎಕರೆ ಸರ್ಕಾರಿ ಭೂಮಿಯ ಒಡೆತನ ದೊರೆಯುವಂತೆ ಮಾಡಿದ 1862ರ ಹೋಮ್‌ಸ್ಟೆಡ್ ಶಾಸನ ಇಂಥವರಿಗೆ ಅಕ್ಷರಶಃ ಹೊಸ ಜನ್ಮದ ವಾಗ್ದಾನವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. 1877ರ ಏಪ್ರಿಲ್‌ನಲ್ಲಿ ಡಬ್ಲ್ಯು. ಎಚ್. ಸ್ಮಿತ್ ಎಂಬ ಪಾದ್ರಿ, ಆತನ ಕೆಲವು ಸಂಗಡಿಗರು ಮತ್ತು ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂವ್ಯವಹಾರಿ ಸೇರಿ ಊರು ಸ್ಥಾಪಿಸುವ ಸಂಘವೊಂದನ್ನು ರಚಿಸಿ, ಕೆಂಟಕಿಯ ಚರ್ಚುಗಳಲ್ಲಿ ಕ್ಯಾನ್ಸಸ್ಸಿನ ಈ ಬಯಲಿನ ಫಲವತ್ತತೆಯನ್ನು ಮುಕ್ತಕಂಠದಿಂದ ಹೊಗಳುವ ಕರಪತ್ರಗಳನ್ನು ಹಂಚಿಸಿದರು.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸುಮಾರು ಮುನ್ನೂರು ಮಂದಿ ಬಂದರು. ಎಲ್ಲಿಸ್ ಎಂಬಲ್ಲಿ ರೈಲಿನಿಂದಿಳಿದು, ಗಂಟುಮೂಟೆಗಳೊಡನೆ ಬಯಲನ್ನು ಕಾಲ್ನಡೆಯಿಂದ ದಾಟಿದ ಅವರ ಕಣ್ಣಿಗೆ ಬಿದ್ದುದು ಕರಪತ್ರದ ಊರಲ್ಲ. ಮರವಿಲ್ಲದ, ದಿಗಂತದವರೆಗೆ ಹುಲ್ಲೇ ಹರಡಿದ ನೆಲ, ಮತ್ತು ಆ ನೆಲದೊಳಗಿನಿಂದಲೇ ಅಲ್ಲಲ್ಲಿ ಏಳುತ್ತಿದ್ದ ಹೊಗೆ. ಅವರಿಗಿಂತ ಮೊದಲೇ ಬಂದಿದ್ದ ಕೆಲವರು ಮರಮಟ್ಟುಗಳಿಲ್ಲದೆ ದಿಬ್ಬಗಳನ್ನು ಅಗೆದು, ಬಿಲಗಳಂತಹ ನೆಲಮನೆಗಳಲ್ಲಿ ವಾಸಿಸುತ್ತಿದ್ದರು. ಹೊಸಬರಲ್ಲಿ ಕೆಲವರು ಅತ್ತರು; ಹಲವು ಕುಟುಂಬಗಳು ಹಿಂದಿರುಗಿದವು. ಉಳಿದವರಿಗೆ ಬಿತ್ತುವ ಕಾಲ ಮೀರಿಹೋಗಿತ್ತು, ಎತ್ತು ಕುದುರೆಗಳ ಜೋಡಿಗಳು ಅತಿ ವಿರಳವಾಗಿದ್ದುವು. ಗುದ್ದಲಿ ಸನಿಕೆಗಳಿಂದ, ಶತಮಾನಗಳಿಂದ ಬೇರು ಹೆಣೆದು ಗಡುಸಾಗಿದ್ದ ಹುಲ್ಲುನೆಲವನ್ನು ಒಡೆಯಬೇಕಾಯಿತು. ಕಾಡೆಮ್ಮೆಯ ಒಣಗಿದ ಸಗಣಿ ಉರುವಲಾಯಿತು. ಅದರ ಎಲುಬುಗಳನ್ನು ಆಯ್ದು ಮಾರಿದುದರಿಂದ ಕೈಗೆ ಕಾಸು ಬಂದಿತು. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಜನರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಇವರ ಪ್ರಾಣ ಉಳಿಸಿದರೆಂದು ಗ್ರಾಮದ ಮನೆತನಗಳು ತಲೆಮಾರುಗಳಿಂದ ಹೇಳಿಕೊಂಡು ಬಂದಿವೆ. ತಮ್ಮ ನೆಲವನ್ನೇ ಕಳೆದುಕೊಳ್ಳುತ್ತಿದ್ದ ಒಂದು ಜನಾಂಗ, ನೆಲವನ್ನರಸಿ ಬಂದ ಇನ್ನೊಂದು ಜನಾಂಗಕ್ಕೆ ಅನ್ನವಿಕ್ಕಿದ ಈ ಸಂಗತಿ ಅಮೆರಿಕದ ಚರಿತ್ರೆಯಲ್ಲಿ ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಡಬೇಕಾಗಿತ್ತು.

ಮುಂದಿನ ದಶಕ ಅಭ್ಯುದಯದ ಕಾಲ. ಜಕಾರಿ ಫ್ಲೆಚರ್ ಅಂಚೆಯ ಅಧಿಕಾರಿಯಾದನು; ಆತನ ಪತ್ನಿ ಜೆನ್ನಿ ಮಕ್ಕಳಿಗೆ ಪಾಠ ಹೇಳಿದಳು; ಸೇಂಟ್ ಫ್ರಾನ್ಸಿಸ್ ಎಂಬ ವಸತಿಗೃಹ, ಚರ್ಚುಗಳು, ಅಂಗಡಿಗಳು, ಎರಡು ವಾರ್ತಾಪತ್ರಿಕೆಗಳು ತಲೆಯೆತ್ತಿದುವು. ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಕ್ಯಾನ್ಸಸ್ಸಿನ ರಾಜ್ಯ ಲೆಕ್ಕಪರಿಶೋಧಕನಾಗಿ ಚುನಾಯಿತನಾಗಿ, ದಾಸ್ಯ ಅಳಿದು ಇಪ್ಪತ್ತು ವರ್ಷವೂ ತುಂಬುವುದರೊಳಗೆ ಆ ಪದವಿಗೇರಿದನೆಂಬುದು ಗ್ರಾಮದ ಆತ್ಮವಿಶ್ವಾಸವನ್ನು ಸೂಚಿಸುತ್ತದೆ.

ಆ ವಿಶ್ವಾಸಕ್ಕೆ ಪೆಟ್ಟು ಕೊಟ್ಟುದು ರೈಲುಮಾರ್ಗ. ರೈಲನ್ನು ಆಕರ್ಷಿಸಲು ಜನರು 1887ರಲ್ಲಿ 16,000 ಡಾಲರುಗಳ ಸಾಲಪತ್ರಗಳಿಗೆ ಸಮ್ಮತಿಸಿದರು. ಆದರೆ ಮರುವರ್ಷ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿಗಳು ನದಿಯ ಆಚೆ ದಡದಲ್ಲಿಯೇ ಹಾದುಹೋದವು. ನಿಲ್ದಾಣದ ಸುತ್ತ ಬೋಗ್ ಎಂಬ ಊರು ಎದ್ದಿತು. ವರ್ತಕರು ಕಟ್ಟಡಗಳನ್ನೇ ಎಳೆಸಿಕೊಂಡು ಅಲ್ಲಿಗೆ ತೆರಳಿದರು. ಹೊಸ ಊರುಗಳೆಷ್ಟೋ ಇಂತಹ ಹೊಡೆತದಿಂದ ಹೆಸರಿಲ್ಲದಂತಾದವು. ನಿಕೋಡೆಮಸ್ ಅಳಿಯದೆ ಉಳಿದುದಕ್ಕೆ ಕಾರಣವೊಂದೇ: ಅಂಗಡಿಗಳು ಹೋದರೂ ಹೊಲಗಳು ಇವರವಾಗಿದ್ದುವು. ವ್ಯಾಪಾರವನ್ನಲ್ಲ, ಭೂಸ್ವಾಮ್ಯವನ್ನೂ ಬಂಧುತ್ವವನ್ನೂ ಆಧರಿಸಿದ ಊರಿಗೆ ನಿಲ್ದಾಣವಿಲ್ಲದಿರುವುದು ನಷ್ಟವೇ ಹೊರತು ಮರಣವಲ್ಲ.

1930ರ ದಶಕದ ಅನಾವೃಷ್ಟಿ ಮತ್ತು ಧೂಳುಮಾರುತಗಳು, ಕುಸಿದ ಧಾನ್ಯದ ಬೆಲೆ, ಪಟ್ಟಣದ ಉದ್ಯೋಗಗಳು ಯುವಜನರನ್ನು ಒಬ್ಬೊಬ್ಬರನ್ನಾಗಿ ಊರಿನಿಂದ ದೂರಮಾಡಿದವು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ಇಲ್ಲಿ ಹುಟ್ಟಿ 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಸೇರಿದ ಫುಟ್ಬಾಲ್ ಆಟಗಾರ ವೆರಿಲ್ ಸ್ವಿಟ್ಜರ್, ಮುಂದೆ ವಿಶ್ವವಿದ್ಯಾನಿಲಯದ ಉದ್ಯೋಗದಲ್ಲಿದ್ದೂ ಮನೆತನದ ಭೂಮಿಯ ಬೇಸಾಯವನ್ನು ಬಿಡಲಿಲ್ಲ.

ಇಂದು ಗ್ರಾಮದಲ್ಲಿ ಕಾಯಂ ಆಗಿ ಇರುವವರು ಬಹು ಕಡಿಮೆ, ಅವರಲ್ಲಿ ವೃದ್ಧರೇ ಹೆಚ್ಚು. ಸುತ್ತಲಿನ ಬಯಲಿನಲ್ಲಿ ಚಳಿಗಾಲದ ಗೋಧಿ ಮತ್ತು ಜೋಳ ಬೆಳೆಯುತ್ತವೆ. 1996ರಲ್ಲಿ ಸಂಯುಕ್ತ ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿ, ಎರಡು ಚರ್ಚುಗಳು, ಶಾಲೆ, ಹಳೆಯ ವಸತಿಗೃಹ ಮತ್ತು 1939ರ ಸಭಾಭವನ, ಹೀಗೆ ಐದು ಕಟ್ಟಡಗಳನ್ನು ಅದರಲ್ಲಿ ಸೇರಿಸಿತು. ಬ್ರಿಟಿಷ್ ವೆಸ್ಟ್ ಇಂಡೀಸಿನ ದಾಸ್ಯವಿಮೋಚನೆಯ ಸ್ಮರಣೆಗಾಗಿ ಮೊದಲ ನಿವಾಸಿಗಳು ಆಗಸ್ಟ್ 1ರ ಸುಮಾರಿಗೆ ಆಚರಿಸುತ್ತಿದ್ದ ಉತ್ಸವ ಈಗ ಜುಲೈ ತಿಂಗಳ ಕೊನೆಯ ವಾರಾಂತ್ಯದಲ್ಲಿ ನಡೆಯುತ್ತದೆ. ಅಮೆರಿಕದ ನಾನಾ ನಗರಗಳಲ್ಲಿ ಚದುರಿರುವ ವಂಶಸ್ಥರು ಅದಕ್ಕಾಗಿ ಊರಿಗೆ ಬರುತ್ತಾರೆ.